ಕುಸನೂರನ್ನು ಮರೆತ ತರಬೇತಿ

ಜನರ ಸಹಭಾಗಿತ್ವದ ತರಬೇತಿಗೆ ನಮ್ಮಲ್ಲಿ ಒಂದು ಅಚ್ಚು ಸಿದ್ಧವಾಗಿದೆ. ಗುಡಿಯ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ, ಊರಿನ ಸಂಸ್ಥೆಗಳ ನಂಟನ್ನು ವೃತ್ತಗಳಲ್ಲಿ ತೋರಿಸುವ ಚಪಾತಿ ಚಿತ್ರ, ಗುಂಪು ಚರ್ಚೆ, ಕೊನೆಗೊಂದು ವರದಿ. 1989ರ ಸುಮಾರಿಗೆ ಮೈರಾಡಾ ಸಂಸ್ಥೆ ಈ ವಿಧಾನವನ್ನು ಹಳ್ಳಿಗಳಿಗೆ ಒಯ್ದಾಗ ಅದು ನಿಜಕ್ಕೂ ದೊಡ್ಡ ಹೆಜ್ಜೆ. ಅಕ್ಷರ ಬಾರದವರೂ ನೆಲದ ನಕ್ಷೆಯನ್ನು ಕೈಯಿಂದ ಅಳಿಸಿ ತಿದ್ದಬಹುದಿತ್ತು. ಆದರೆ ನಕ್ಷೆ ಬಿಡಿಸುವುದನ್ನು ಕಲಿಸುವಷ್ಟು ಶ್ರದ್ಧೆಯಿಂದ ನಾವು ವಿವೇಕವನ್ನು ಕಲಿಸುತ್ತಿಲ್ಲ. ದೂರ ನಿಂತು ನೋಡುತ್ತಿರುವವರು ಯಾರು, ಯಾವಾಗ ಸುಮ್ಮನಿರಬೇಕು, ಯಾರ ಬಾಯಿಂದ ಬಂದ ಮಾತು ಅವರ ಕೂಲಿಗೇ ಕುತ್ತು ತಂದೀತು? ತರಬೇತಿ ಇಲ್ಲಿ ಸೋತಿದೆ.

ದಾವಣಗೆರೆಯವರಿಗೆ ಈ ವಿವೇಕದ ಪಾಠ ಪಕ್ಕದಲ್ಲೇ ಇದೆ. ಹರಿಹರದಿಂದ ತುಂಗಭದ್ರೆ ದಾಟಿದರೆ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ. ಅದಕ್ಕೆ ನೀಲಗಿರಿ ಒದಗಿಸಲೆಂದು ಸರ್ಕಾರ 1984ರಲ್ಲಿ ಕಂಪನಿಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿತು. ಜನ ಮೇವು, ಸೌದೆಗೆ ನೆಚ್ಚಿಕೊಂಡಿದ್ದ ಸುಮಾರು 30,000 ಹೆಕ್ಟೇರ್ ಭೂಮಿ ಅದರ ಪಾಲಾಗುವುದಿತ್ತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹಳ್ಳಿಗಳಲ್ಲಿ ಜನರನ್ನು ಸಂಘಟಿಸಿತು. ಸಾಹಿತಿ ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತರು, ಅದೇ ನೆಲದಲ್ಲಿ ಹಣ್ಣು, ಮೇವು ಕೊಡುವ ಗಿಡ ನೆಟ್ಟರು. 1991ರಲ್ಲಿ ಸರ್ಕಾರ ಪಲ್ಪ್‌ವುಡ್ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು.

ಸಂವಹನವಾಗಿ ಇದಕ್ಕಿಂತ ಸ್ಪಷ್ಟವಾದದ್ದು ನಮ್ಮ ಸೀಮೆಯಲ್ಲಿ ನಡೆದದ್ದು ಕಡಿಮೆ. ಬರೀ ಕಿತ್ತಿದ್ದರೆ ಅದು ಪುಂಡಾಟವೆನಿಸುತ್ತಿತ್ತು, ಬರೀ ನೆಟ್ಟಿದ್ದರೆ ವನಮಹೋತ್ಸವ. ತಕರಾರು, ಬೇಡಿಕೆ ಎರಡನ್ನೂ ದಾರಿಹೋಕನಿಗೂ ತಿಳಿಯುವಂತೆ ಕೈಗಳೇ ಹೇಳಿದವು. ಕೇಸು ಕೋರ್ಟಿನಲ್ಲಿರುವಾಗಲೇ ಹೊಲಕ್ಕಿಳಿಯಬೇಕೆ ಎಂಬ ಪ್ರಶ್ನೆಗೆ ಯಾವ ಕೈಪಿಡಿಯೂ ಉತ್ತರ ಕೊಡಲಾರದು.

ಹಾಗೆಂದು ಕುಸನೂರನ್ನು ವೀರಗಾಥೆಯಾಗಿ ಹೇಳಿದರೂ ಪಾಠ ಕೆಡುತ್ತದೆ. ಅದೇ ಕಾರ್ಖಾನೆಯ ಸಂಬಳದಿಂದ ಒಲೆ ಹೊತ್ತಿಸುವವರ ಎದುರು ನದಿ ಮಾಲಿನ್ಯದ ಮಾತು, ನೀಲಗಿರಿಯ ಮಾತು ಹೇಗೆ ಎತ್ತಬೇಕು? ಸಮಾಜಕಾರ್ಯದ ವಿದ್ಯಾರ್ಥಿ ಅಲ್ಲಿ ತಡವರಿಸಬೇಕು; ಆ ತಡವರಿಕೆಯೇ ಕಲಿಕೆ. ಇವತ್ತು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಹೊಗೆ, ಕೊಳಚೆ ನೀರಿನ ಬಗ್ಗೆ ಸಭೆ ಕರೆದರೆ ಪಾಳಿಯ ಕಾರ್ಮಿಕ ಬರುವುದು ಯಾವ ಹೊತ್ತಿಗೆ? ಮಾಲೀಕ ಮುಂದಿನ ಕುರ್ಚಿಯಲ್ಲಿದ್ದರೆ ಆ ಕಾರ್ಮಿಕ ಬಾಯಿ ಬಿಟ್ಟಾನೆಯೆ?

ಸಮಾಜಕಾರ್ಯ ಕಲಿಸುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ರಂಗೋಲಿ ಪುಡಿ ಹಂಚುವ ಮೊದಲು ಮಕ್ಕಳನ್ನು ಪಾಳಿ ಬದಲಾಗುವ ಹೊತ್ತಿಗೆ ಕರೂರಿಗೆ ಕರೆದೊಯ್ಯಿರಿ, ಮೊದಲ ದಿನ ಏನನ್ನೂ ಬರೆದುಕೊಳ್ಳದೆ ಕೇಳಿಸಿಕೊಳ್ಳಲು ಬಿಡಿ.