ಪ್ರಸಾರಸಾಮರ್ಥ್ಯವೂ ಸಂಪರ್ಕಗುಣವೂ: ಒಂದು ಪದವಿಮರ್ಶೆ

ನಿಸ್ತಂತು ಸಂವೇದಕಜಾಲಗಳನ್ನು ಕುರಿತು ಕನ್ನಡದಲ್ಲಿ ಬರೆಯುವವರು ‘ಸಿಗ್ನಲ್ ಶಕ್ತಿ’ ಎಂಬ ಒಂದೇ ಮಾತಿನಲ್ಲಿ ಮೂರು ಅರ್ಥಗಳನ್ನು ಅಡಗಿಸುವುದುಂಟು. ಇದು ಬರಿಯ ಪದದೋಷವಲ್ಲ, ಅರ್ಥದೋಷವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಹೊಲದ ತೇವ, ಉಷ್ಣತೆ ಮೊದಲಾದುವನ್ನು ಅಳೆದು, ಆ ಅಳತೆಯನ್ನು ರೇಡಿಯೋ ಅಲೆಗಳ ಮೂಲಕ ಒಂದರಿಂದೊಂದಕ್ಕೆ ದಾಟಿಸುವ ಕಿರಿಯ ಉಪಕರಣಗಳ ಸಮೂಹವೇ ಈ ಜಾಲ. 2000ದ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ವಿದ್ವಾಂಸರೊಡಗೂಡಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ, ಮಳೆಯನ್ನೇ ನಂಬಿದ ಬೇಸಾಯಕ್ಕಾಗಿ ಇದನ್ನು ಪ್ರಯೋಗಿಸಿದರು. ಇಂತಹ ಉಪಕರಣಕ್ಕೆ ಬ್ಯಾಟರಿಯೇ ಪ್ರಾಣ. ಅದು ಹೊರಸೂಸುವುದು ಅನೇಕವೇಳೆ 1 ಮಿಲಿವ್ಯಾಟ್ ಮಾತ್ರ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ನಿಲಯದ 30 ವ್ಯಾಟ್ ಇದಕ್ಕೆ 30,000 ಪಟ್ಟು.

ಹಾಗಾದರೆ ಸಾಮರ್ಥ್ಯವನ್ನು ಹೆಚ್ಚಿಸಿದರೆ ಸಾಲದೆ? ಸಾಲದು. ತೆರೆದ ಬಯಲಿನಲ್ಲಿಯೇ ದೂರವು ಇಮ್ಮಡಿಯಾದರೆ ತಲುಪುವ ಸಾಮರ್ಥ್ಯವು ಕಾಲುಭಾಗಕ್ಕೆ ಇಳಿಯುತ್ತದೆ. ಗುಂಡ್ಲುಪೇಟೆಯ ಒಂದು ಅರಿಸಿನದ ಹೊಲವನ್ನು ದೃಷ್ಟಾಂತವಾಗಿ ಭಾವಿಸೋಣ. ನಾಟಿಯ ಕಾಲದಲ್ಲಿ ಚೆನ್ನಾಗಿದ್ದ ಸಂಪರ್ಕವು ಎಲೆಗಳು ದಟ್ಟವಾದ ಬಳಿಕ ಕುಗ್ಗಬಹುದು. ಎಲೆಯೊಳಗಣ ನೀರು ಅಲೆಯನ್ನು ಹೀರುತ್ತದೆ. ಎಲ್ಲ ಉಪಕರಣಗಳೂ ದನಿಯೇರಿಸಿದರೆ ಒಂದರ ಮಾತು ಮತ್ತೊಂದಕ್ಕೆ ಅಡ್ಡಿಯಾಗುತ್ತದೆ, ಬ್ಯಾಟರಿಯೂ ಬೇಗನೆ ಬರಿದಾಗುತ್ತದೆ, ನಷ್ಟ ರೈತನದು. ತಲುಪಿದ ಮಟ್ಟವು ಸಮನಾಗಿದ್ದರೂ ಒಂದೆಡೆ ಸಂದೇಶವು ಇಡಿಯಾಗಿಯೂ ಇನ್ನೊಂದೆಡೆ ಚೂರಾಗಿಯೂ ಬರುವುದುಂಟು. ಹೋದ ದಾರಿಯಲ್ಲಿಯೇ ಉತ್ತರವು ಮರಳಿ ಬರಬೇಕೆಂಬ ನಿಯಮವೂ ಇಲ್ಲ. 2003ರಲ್ಲಿ ಪ್ರಕಟವಾದ ಐಇಇಇ 802.15.4 ಎಂಬ ನಿಯಮಾವಳಿಯು ಸಂಪರ್ಕಗುಣಕ್ಕೆಂದೇ 0ಯಿಂದ 255ರ ವರೆಗಿನ ಪ್ರತ್ಯೇಕ ಅಂಕವನ್ನು ಗೊತ್ತುಮಾಡಿತು.

ನಮ್ಮ ಪಠ್ಯಪುಸ್ತಕಗಳಲ್ಲಿ ಬಲ, ಶಕ್ತಿ, ಸಾಮರ್ಥ್ಯಗಳು ಬೇರೆಬೇರೆಯಾದ ಪರಿಭಾಷೆಗಳಷ್ಟೆ. ‘ಸಿಗ್ನಲ್ ಶಕ್ತಿ’ಯು ಆ ಕಟ್ಟನ್ನೂ ಮುರಿಯುತ್ತದೆ. ಆದುದರಿಂದ ಕಳುಹಿಸುವ ಕಡೆಗೆ ‘ಪ್ರಸಾರಸಾಮರ್ಥ್ಯ’, ಪಡೆಯುವ ಕಡೆಗೆ ‘ಗ್ರಹಣಮಟ್ಟ’, ಎರಡರ ನಡುವಣ ಸಂಬಂಧಕ್ಕೆ ‘ಸಂಪರ್ಕಗುಣ’ ಎಂದು ಮೂರು ಪದಗಳನ್ನು ಬಳಸುವುದು ಯುಕ್ತ.

ಇದು ಪಂಡಿತರ ಕಲ್ಪನೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಚಾಮರಾಜನಗರದ ಸಂತೆಯಲ್ಲಿ ಫೋನು ಹಿಡಿದವನು ‘ಕೇಳ್ತದ, ಗೊತ್ತಾಯ್ತಿಲ್ಲ’ ಎಂದಾಗ ಗ್ರಹಣಮಟ್ಟವನ್ನೂ ಸಂಪರ್ಕಗುಣವನ್ನೂ ತಾನಾಗಿಯೇ ಬೇರ್ಪಡಿಸಿರುತ್ತಾನೆ. ಕಾವ್ಯಕ್ಕೆ ಕವಿಯೊಬ್ಬನೇ ಸಾಲದು, ಸಹೃದಯನೂ ಬೇಕೆಂದ ಆಲಂಕಾರಿಕರ ಪರಂಪರೆಯವರಾದ ನಮಗೆ ಈ ಭೇದವು ಹೊಸತಲ್ಲ. ಆಡುಮಾತು ಉಳಿಸಿಕೊಂಡಿರುವ ವಿವೇಕವನ್ನು ಗ್ರಂಥಭಾಷೆಯು ಕಳೆದುಕೊಳ್ಳಬಾರದು.