ನೀರಿನಡಿಯ ಕೋಟೆ ಮತ್ತು ಬಾಗಿಲಿನ ಲೆಕ್ಕ

ಕಂಪ್ಯೂಟರ್ ಆಟವೊಂದು ದ್ರವಗಳ ವಿಷಯವಾಗಿ ವಿದ್ಯಾರ್ಥಿಗಳಿಗೆ ಏನನ್ನು ಸರಿಯಾಗಿ ಕಲಿಸಬಲ್ಲದು, ಎಲ್ಲಿ ದಾರಿ ತಪ್ಪಿಸಬಲ್ಲದು? ಅಮೆರಿಕದ ಟಾರ್ನ್ ಆಡಮ್ಸ್ ಮತ್ತು ಜ್ಯಾಕ್ ಆಡಮ್ಸ್ ಸಹೋದರರು 2006ರಲ್ಲಿ ಹೊರತಂದ ‘ಡ್ವಾರ್ಫ್ ಫೋರ್ಟ್ರೆಸ್’ ಆಟವನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ.

ಇಲ್ಲಿ ಕುಳ್ಳರ ಗುಂಪೊಂದು ನೆಲ ಅಗೆದು ಕೋಟೆ ಕಟ್ಟುತ್ತದೆ. ಜಗತ್ತು ಚೌಕಗಳಾಗಿ ಹಂಚಿಹೋಗಿದ್ದು, ಪ್ರತಿ ಚೌಕದಲ್ಲಿ ನೀರಿನ ಮಟ್ಟವನ್ನು 0ಯಿಂದ 7ರವರೆಗೆ ಎಣಿಸಲಾಗುತ್ತದೆ. ಕೆರೆಯ ತಳದಲ್ಲಿ ನೆಲೆ ಮಾಡಬೇಕಾದರೆ ಪಂಪಿನಿಂದ ನೀರೆತ್ತಿ ಗೋಡೆ ಕಟ್ಟಬೇಕು. ಜಾಣ ಆಟಗಾರರು ನೀರಿಗೂ ವಾಸಸ್ಥಳಕ್ಕೂ ನಡುವೆ ಎರಡು ತೂಬುಗಳನ್ನಿಟ್ಟು, ಎರಡನ್ನೂ ಒಟ್ಟಿಗೆ ತೆರೆಯುವುದಿಲ್ಲ. ಇದು ಜಲಾಂತರ್ಗಾಮಿಯ ನಿರ್ಗಮನ ಕೋಣೆಯ ತತ್ತ್ವವೇ. ಒಂದು ತಡೆ ಸೋತರೆ ಇನ್ನೊಂದು ಕಾಯಬೇಕು ಎಂಬ ಈ ಪಾಠ ಮೆಚ್ಚತಕ್ಕದ್ದು.

ಆದರೆ ಎರಡು ದೋಷಗಳನ್ನು ಗಮನಿಸಿ. ಮೊದಲನೆಯದು: ಎರಡು ಚೌಕಗಳು ಮೂಲೆಗೆ ಮೂಲೆ ತಾಗಿದ್ದರೆ ನೀರು ಹರಿಯುತ್ತದೆ, ಒತ್ತಡ ಮಾತ್ರ ದಾಟುವುದಿಲ್ಲ. ಪ್ರವಾಹ ತಡೆಯಲು ಆಟಗಾರರು ಇದನ್ನೇ ಉಪಾಯವಾಗಿ ಬಳಸುತ್ತಾರೆ. ನಿಜಜಗತ್ತಿನಲ್ಲಿ ದಾರಿ ಎಷ್ಟೇ ಸೊಟ್ಟಗಿರಲಿ, ಕಿರಿದಾಗಿರಲಿ, ಒಂದಕ್ಕೊಂದು ಸೇರಿಕೊಂಡ ನಿಂತ ನೀರಿನಲ್ಲಿ ಒಂದೇ ಆಳದಲ್ಲಿ ಒತ್ತಡ ಒಂದೇ.

ಎರಡನೆಯದು ಇನ್ನೂ ಗಂಭೀರ. ಆಟದಲ್ಲಿ ಮರದ ಬಾಗಿಲೂ ಕಲ್ಲಿನ ಬಾಗಿಲೂ ಯಾವ ಆಳದ ನೀರನ್ನಾದರೂ ತಡೆಯುತ್ತವೆ; ಸನ್ನೆ ಎಳೆದರೆ ಸಲೀಸಾಗಿ ತೆರೆದುಕೊಳ್ಳುತ್ತವೆ. ಬಲದ ಲೆಕ್ಕವೇ ಇಲ್ಲ.

ಆ ಲೆಕ್ಕವನ್ನು ನೀವೇ ಮಾಡಿ. 1 ಮೀಟರ್ ಅಗಲದ ಬಾಗಿಲಿನ ಹೊರಗೆ 1 ಮೀಟರ್ ಎತ್ತರ ನೀರು ನಿಂತಿದೆ, ಒಳಗೆ ನೀರಿಲ್ಲ ಎನ್ನಿ. ತಳದಲ್ಲಿ ಒತ್ತಡ ಚದರ ಮೀಟರಿಗೆ 9,800 ನ್ಯೂಟನ್, ಮೇಲ್ಮೈಯಲ್ಲಿ ಸೊನ್ನೆ, ಸರಾಸರಿ 4,900. ಬಾಗಿಲಿನ ಮೇಲಿನ ಬಲ 4,900 ನ್ಯೂಟನ್; ಅಂದರೆ ಸುಮಾರು 500 ಕಿಲೋಗ್ರಾಂ ಭಾರ. ನೀರು 2 ಮೀಟರ್ ಏರಿದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು: ಸುಮಾರು 2 ಟನ್! ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುತ್ತದೆ, ಅದು ಬೀಳುವ ಕ್ಷೇತ್ರವೂ ಹೆಚ್ಚುತ್ತದೆ.

ಇದು ಕೇವಲ ಆಟದ ಮಾತಲ್ಲ. ರಾಜಾಜಿನಗರ, ಬಸವೇಶ್ವರನಗರಗಳ ಮಳೆನೀರು ರಾಜಕಾಲುವೆಗಳ ಮೂಲಕ ವೃಷಭಾವತಿಯನ್ನು ಸೇರಿ ಕೆಂಗೇರಿಯತ್ತ ಹರಿಯುತ್ತದೆ. ಕಾಂಕ್ರೀಟ್ ಹೊದ್ದ ನೆಲ ನೀರನ್ನು ಇಂಗಿಸಿಕೊಳ್ಳದು. ಜೋರು ಮಳೆಗೆ ತಗ್ಗಿನ ನೆಲಮಾಳಿಗೆಗಳು ಬೇಗ ತುಂಬುತ್ತವೆ. ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ 2023ರ ಮೇ 21ರಂದು ಮಳೆನೀರಿನಲ್ಲಿ ಕಾರೊಂದು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ನೀರೇರಿದ ಮೇಲೆ ಬಾಗಿಲನ್ನು ತಳ್ಳಿ ತೆರೆಯಬಹುದೆಂದು ನಂಬಬಾರದು. ನೀರು ತುಂಬಿದ ತಗ್ಗಿಗೆ ಇಳಿಯದಿರುವುದೇ ಕ್ಷೇಮ. ಇಳಿದಿದ್ದರೆ, ಮಟ್ಟ ಏರುವ ಮೊದಲೇ ಹೊರಬರಬೇಕು.

ಹಾಗೆಂದು ಆಟವನ್ನು ತಳ್ಳಿಹಾಕಬೇಕಿಲ್ಲ. ಶಿಕ್ಷಕರು ಅದನ್ನು ತರಗತಿಗೆ ತರಲಿ. ವಿದ್ಯಾರ್ಥಿಗಳು ನೀರಿನಡಿ ಕೋಟೆ ಕಟ್ಟಲಿ. ಆಮೇಲೆ ಅದರ ಒಂದೊಂದು ಬಾಗಿಲಿನ ಮೇಲೂ ಎಷ್ಟು ಬಲ ಬೀಳುತ್ತದೆಂದು ಕಾಗದದ ಮೇಲೆ ಬರೆಯಲಿ. ಆಟ ಬಿಟ್ಟುಬಿಟ್ಟ ಪಾಠ ಆ ಕಾಗದದಲ್ಲಿ ಸಿಗುತ್ತದೆ.