ಉಳಿದ ಪ್ರತಿಗಳಿಂದ ಅಳಿದ ಕೃತಿಗಳ ಗಣನೆ: ಒಂದು ವಿಮರ್ಶೆ

ಒಂದನೆಯ ಗುಣವರ್ಮನ ‘ಶೂದ್ರಕ’, ಪೊನ್ನನ ‘ಭುವನೈಕರಾಮಾಭ್ಯುದಯ’ ಇಂದು ಉಪಲಬ್ಧವಿಲ್ಲ. ಅನ್ಯತ್ರ ದೊರೆಯುವ ಉಲ್ಲೇಖಗಳಿಂದ ಅವುಗಳ ಅಸ್ತಿತ್ವ ವೇದ್ಯವಾಗಿದೆ. ಉಲ್ಲೇಖವೂ ಉಳಿಯದ ಕೃತಿಗಳನ್ನು ಎಣಿಸುವುದೆಂತು? 2022ರಲ್ಲಿ ಮೈಕ್ ಕೆಸ್ಟೆಮಾಂಟ್, ಫೋಲ್ಗರ್ಟ್ ಕಾರ್ಸ್‌ಡಾರ್ಪ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಈ ಪ್ರಶ್ನೆಗೆ ಜೀವಿಶಾಸ್ತ್ರದ ಗಣನಕ್ರಮವೊಂದನ್ನು ಅನ್ವಯಿಸಿದೆ.

ಆ ಕ್ರಮದ ತತ್ತ್ವ ಸರಳವಾದುದು. ಸಂಗ್ರಹದಲ್ಲಿ ಒಮ್ಮೆ ಮಾತ್ರ ಸಿಕ್ಕ ಪ್ರಭೇದಗಳು ಎರಡು ಬಾರಿ ಸಿಕ್ಕವುಗಳಿಗಿಂತ ಹೆಚ್ಚಿದ್ದಷ್ಟೂ ಕಾಣದೆ ಉಳಿದವು ಹೆಚ್ಚು. ಮಲಯದಲ್ಲಿ ಕಾರ್ಬೆಟ್ ಸಂಗ್ರಹಿಸಿದ ಚಿಟ್ಟೆಗಳಲ್ಲಿ 118 ಪ್ರಭೇದಗಳು ಒಮ್ಮೆಯೂ 74 ಎರಡು ಬಾರಿಯೂ ದೊರೆತಿದ್ದವು. 1984ರಲ್ಲಿ ಆನ್ ಚಾವೊ ನಿರೂಪಿಸಿದ ಸೂತ್ರದಂತೆ, ಮೊದಲನೆಯ ಸಂಖ್ಯೆಯ ವರ್ಗವನ್ನು ಎರಡನೆಯದರ ಇಮ್ಮಡಿಯಿಂದ ಭಾಗಿಸಿದರೆ, ಕಾಣದ ಪ್ರಭೇದಗಳು ಕನಿಷ್ಠ 94 ಎಂದಾಗುತ್ತದೆ. ಕೃತಿಯನ್ನು ಪ್ರಭೇದವೆಂದೂ ಹಸ್ತಪ್ರತಿಯನ್ನು ಜೀವಿಯೆಂದೂ ಭಾವಿಸಿದ ಈ ವಿದ್ವಾಂಸರು, ಯುರೋಪಿನ ಆರು ಭಾಷೆಗಳ ಮಧ್ಯಯುಗೀನ ವೀರ-ಪ್ರಣಯ ಕಥನಗಳಲ್ಲಿ ಶೇಕಡಾ 68ರಷ್ಟು ಕೃತಿಗಳೂ ಕೇವಲ ಶೇಕಡಾ 9ರಷ್ಟು ಪ್ರತಿಗಳೂ ಉಳಿದಿವೆಯೆಂದು ಅಂದಾಜಿಸಿದ್ದಾರೆ.

ಊಹೆಯ ಸ್ಥಾನದಲ್ಲಿ ಗಣನೆಯನ್ನು ತಂದುದು ಈ ಪ್ರಬಂಧದ ಹಿರಿಮೆ. ಆದರೆ ಜೈನ ಭಂಡಾರಗಳಿಗೆ ಇದನ್ನು ಅನ್ವಯಿಸುವ ಮುನ್ನ ಎರಡು ಅಂಶಗಳು ವಿಚಾರಣೀಯ. ಮೊದಲನೆಯದು, ಪ್ರತಿಗಳು ಪರಸ್ಪರ ಸ್ವತಂತ್ರವಾಗಿ ಉಳಿದವೆಂಬ ಗ್ರಹಿಕೆ. ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಶಾಸ್ತ್ರದಾನದಿಂದ ಹಬ್ಬಿದ ಪ್ರತಿಗಳು ಒಂದೇ ಸಂಕಲ್ಪದ ಫಲ. ಅಂತೆಯೇ ಮೂಡುಬಿದಿರೆಯ ‘ಧವಳಾ’ ತಾಡವೋಲೆಗಳಿಂದ ಈಚೆಗೆ ಇಳಿಸಿದ ಕಾಗದದ ಪ್ರತಿಗಳನ್ನು ಸ್ವತಂತ್ರ ಸಾಕ್ಷ್ಯಗಳೆಂದು ಎಣಿಸಿದರೆ ನಷ್ಟವು ಇರುವುದಕ್ಕಿಂತ ಕಡಿಮೆಯಾಗಿ ತೋರುವುದು.

ಎರಡನೆಯದು ಸೂಚಿಗಳ ದೋಷ. ಒಂದು ಭಂಡಾರದಲ್ಲಿ ಏಕಪ್ರತಿಯ ಕೃತಿಗಳು 60, ದ್ವಿಪ್ರತಿಯವು 20 ಇವೆಯೆಂದು ಭಾವಿಸೋಣ, ಕಾಣದವು 90. ಈ ಇಪ್ಪತ್ತರಲ್ಲಿ ಹತ್ತು ಕೃತಿಗಳ ಎರಡೆರಡು ಪ್ರತಿಗಳು ಭಿನ್ನ ಶೀರ್ಷಿಕೆಗಳಿಂದ ಬೇರೆಬೇರೆಯಾಗಿ ದಾಖಲಾದರೆ ಆ ಸಂಖ್ಯೆಗಳು 80, 10 ಆಗಿ, ಕಾಣದವು 320ಕ್ಕೆ ಏರುತ್ತವೆ! ಹತ್ತು ತಪ್ಪುಗಳು 230 ಕೃತಿಗಳನ್ನು ಕಲ್ಪಿಸುತ್ತವೆ.

ಆದುದರಿಂದ ಆದ್ಯಂತ ಪದ್ಯಗಳನ್ನೂ ಪುಷ್ಪಿಕೆಗಳನ್ನೂ ಪರಿಶೀಲಿಸಿ ಕೃತಿನಿರ್ಣಯ ಮಾಡುವ ಪಂಡಿತನ ಕಾರ್ಯವನ್ನು ಈ ಸೂತ್ರವು ಅನಾವಶ್ಯಕವಾಗಿಸುವುದಿಲ್ಲ. ಅದರ ಹೊಣೆಯನ್ನು ಹೆಚ್ಚಿಸುತ್ತದೆ. ಸೂಚಿ ಶುದ್ಧವಾಗದೆ ಸಂಖ್ಯೆ ಶುದ್ಧವಾಗದು.